ಸುರಂಗದಲ್ಲಿ ಬಂದ ಹೆಸರು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನನ್ನ ಸೊಸೆ ಪ್ರಯೋಗಾಲಯದ ತನ್ನ ಮೇಜಿನ ಮುಂದೆ ಕುಳಿತು ಶುಕ್ರವಾರದ ವರದಿಯನ್ನು ತೆರೆದಳು. ತೆರೆದವಳು ಬೆಚ್ಚಿ ಎದ್ದು ನಿಂತಳು.

ಅದು ಮಕ್ಕಳ ಜ್ವರದ ಸಿರಪ್ಪಿನ ವರದಿ. ಸಿರಪ್ಪಿನಲ್ಲಿ ಮೂತ್ರಪಿಂಡ ಕೆಡಿಸುವ ದ್ರಾವಕ ಬೆರೆತಿದೆ ಎಂದು ಅವಳೇ ಪರೀಕ್ಷೆ ಮಾಡಿ ಕಂಡುಹಿಡಿದಿದ್ದಳು. ‘ಬಳಕೆಗೆ ಯೋಗ್ಯವಲ್ಲ’ ಎಂದು ಬರೆದು ಮನೆಗೆ ಬಂದಿದ್ದಳು. ಈಗ ಅದೇ ಪುಟದಲ್ಲಿ, ಅವಳದೇ ಹೆಸರಿನ ಮೇಲೆ, ‘ಬಳಕೆಗೆ ಯೋಗ್ಯ’ ಎಂದಿತ್ತು.

ಅವಳು ಓಡಿಹೋಗಿ ನಿರ್ದೇಶಕರಿಗೆ ತಿಳಿಸಿದಳು. ದೇವರ ದಯೆ, ಮಕ್ಕಳ ಆಸ್ಪತ್ರೆಯ ಬಾಗಿಲಲ್ಲಿ ಪೆಟ್ಟಿಗೆಗಳನ್ನು ಇಳಿಸುತ್ತಿದ್ದ ಹಾಗೆಯೇ ತಡೆದರು. ಒಂದು ಶೀಶೆಯೂ ಒಳಗೆ ಹೋಗಲಿಲ್ಲ.

ಆದರೆ ತಿದ್ದಿದವರು ಯಾರು? ದಾಖಲೆ ಒಂದೇ ಉತ್ತರ ಹೇಳುತ್ತಿತ್ತು. ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹೊರಗಿನಿಂದ ಬಂದದ್ದು. ಹೆಸರು — ನನ್ನ ಸೊಸೆಯದು.

ಹತ್ತೂವರೆಯ ಹೊತ್ತಿಗೆ ದೂರು ಕೊಟ್ಟವಳೇ ಕಳ್ಳಿಯಾಗಿದ್ದಳು. ಶುಕ್ರವಾರ ಸತ್ಯ ಬರೆದಳು, ಭಾನುವಾರ ಯಾರದೋ ಮಾತಿಗೆ ಬಿದ್ದು ತಿದ್ದಿದಳು, ಸೋಮವಾರ ಹೆದರಿ ಬಾಯಿಬಿಟ್ಟಳು ಎಂದು ನಿರ್ದೇಶಕರು ನಂಬಿದರು. ಮಧ್ಯಾಹ್ನ ಒಂದು ಗಂಟೆಯೊಳಗೆ ಬೇರೆ ಸಾಕ್ಷಿ ಸಿಗದಿದ್ದರೆ ಅವಳನ್ನು ಕೆಲಸದಿಂದ ತೆಗೆದು ಪೊಲೀಸರಿಗೆ ಒಪ್ಪಿಸುವ ಕಾಗದಕ್ಕೆ ಸಹಿ ಹಾಕುವುದಾಗಿ ಹೇಳಿದರು. ಆ ಸಹಿ ಬಿದ್ದರೆ ಯಾವ ಪ್ರಯೋಗಾಲಯವೂ ಅವಳನ್ನು ಮತ್ತೆ ಸೇರಿಸುವುದಿಲ್ಲ.

ವಿಚಾರಣೆಗೆ ಕೇಂದ್ರ ಕಚೇರಿಯಿಂದ ಬಂದವರು ಒಬ್ಬ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ಬಡಕಲು ಮೈ. ಎಲ್ಲರೂ ಅವರನ್ನು ಸೂಜಿಯಮ್ಮ ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಹೇಳಿಕೆಗಳನ್ನು ಬರೆದುಕೊಳ್ಳಲು ಅವರಿಗೆ ಯಾವಾಗಲೂ ಬೇಕಾಗುತ್ತಿದ್ದವನು ನಾನು. ನಿವೃತ್ತನಾದ ಮೇಲೂ ವಾರಕ್ಕೆ ಮೂರು ದಿನ ಬಂದು ಇಲ್ಲಿನ ಹಳೆಯ ದಾಖಲೆಗಳ ಕೋಣೆಯನ್ನು ನೋಡಿಕೊಳ್ಳುತ್ತೇನೆ.

ಆರೋಪ ಬಂದಿರುವುದು ನನ್ನ ಸೊಸೆಯ ಮೇಲೆ, ಬೇರೆಯವರು ಬರೆಯಲಿ ಎಂದೆ.

“ಸೊಸೆ ಅಂತ ಒಂದಕ್ಷರ ಬದಲಾಯಿಸ್ತೀರಾ?” ಎಂದು ಕೇಳಿದರು.

“ಇಲ್ಲ.”

“ಹಾಗಾದ್ರೆ ಬನ್ನಿ. ಸೂಜಿ ಹೋದ ಕಡೆ ದಾರ ಬರಬೇಕು.”

ಉದ್ದನೆಯ ಕೋಣೆಯಲ್ಲಿ ನಿರ್ದೇಶಕರು, ಉಪನಿರ್ದೇಶಕರು, ಸೊಸೆ, ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂತ್ರಜ್ಞ ಕುಳಿತಿದ್ದರು. ಈ ತಂತ್ರಜ್ಞನಿಗೆ ಎಲ್ಲರೂ ಇಟ್ಟ ಹೆಸರು ಸುರಂಗ. ಎಲ್ಲರ ಲ್ಯಾಪ್‌ಟಾಪಿಗೂ ವಿಪಿಎನ್ ಎಂಬ ತಂತ್ರಾಂಶ ಹಾಕಿದವನು ಅವನೇ. ಹಾಗೆಂದರೇನು ಎಂದು ಯಾರು ಕೇಳಿದರೂ “ಸುರಂಗ ಇದ್ದ ಹಾಗೆ” ಎಂದು ಶುರುಮಾಡುತ್ತಿದ್ದ. ಅಂದೂ ಹಾಗೆಯೇ ಶುರುಮಾಡಿದ. ಮನೆಯಿಂದ ಕಚೇರಿಗೆ ಕಣ್ಣಿಗೆ ಕಾಣದ ಸುರಂಗ. ಅದರ ಬಾಯಲ್ಲಿ ಕಾವಲುಗಾರ. ಅವನು ಹೆಸರು ಕೇಳುತ್ತಾನೆ, ಗುಪ್ತಪದ ಕೇಳುತ್ತಾನೆ, ಮೊಬೈಲಿಗೆ ಬಂದ ಸಂಖ್ಯೆ ಕೇಳುತ್ತಾನೆ. ಒಮ್ಮೆ ‘ಈ ಯಂತ್ರವನ್ನು ನಂಬು’ ಎಂದು ಗುರುತು ಹಾಕಿದರೆ ಆರು ತಿಂಗಳು ಆ ಯಂತ್ರದಿಂದ ಬಂದವರನ್ನು ಏನೂ ಕೇಳದೆ ಬಿಡುತ್ತಾನೆ. ಸುರಂಗ ದಾಟಿದವರಿಗೆ ವರದಿಗಳ ಕಡತವೂ ಅದೇ ಹೆಸರಿನಲ್ಲಿ ತೆರೆಯುತ್ತದೆ.

“ಭಾನುವಾರ ಸಂಖ್ಯೆ ಕೇಳಿತ್ತಾ?”

“ಇಲ್ಲ ಮೇಡಂ. ನಂಬಿದ ಯಂತ್ರ.”

“ಯಾವ ಯಂತ್ರ? ಅದಕ್ಕೊಂದು ಹೆಸರಿರಬೇಕಲ್ಲ?”

ಸುರಂಗ ತಲೆ ತಗ್ಗಿಸಿದ. ಹತ್ತೊಂಬತ್ತು ಯಂತ್ರಗಳಿಗೆ ಒಂದೊಂದಾಗಿ ತಂತ್ರಾಂಶ ಹಾಕಲು ವಾರ ಬೇಕಾಗುತ್ತಿತ್ತು. ಅವನು ಒಂದನ್ನು ಸಿದ್ಧಪಡಿಸಿ ಉಳಿದ ಹದಿನೆಂಟಕ್ಕೆ ಅದನ್ನೇ ನಕಲು ಮಾಡಿದ್ದ. ಹಾಗಾಗಿ ಸುರಂಗದ ಬಾಯಲ್ಲಿ ಹತ್ತೊಂಬತ್ತಕ್ಕೂ ಒಂದೇ ಹೆಸರು.

“ಹತ್ತೊಂಬತ್ತು ಮಕ್ಕಳಿಗೂ ಒಂದೇ ಹೆಸರಿಟ್ಟು ತೊಟ್ಟಿಲು ತೂಗಿದ್ದೀಯ,” ಎಂದರು ಸೂಜಿಯಮ್ಮ. ಯಾರೂ ನಗಲಿಲ್ಲ.

ಬಂದದ್ದು ಯಾವ ಮನೆಯಿಂದ ಎಂದಾದರೂ ಗೊತ್ತಾಗುವುದೇ? ಇಲ್ಲ. ಮೊಬೈಲಿನ ಇಂಟರ್‌ನೆಟ್ಟಿನಿಂದ ಬಂದಿದ್ದರು. ಸಾವಿರಾರು ಜನಕ್ಕೆ ಒಂದೇ ವಿಳಾಸ.

ಭಾನುವಾರ ಮೂರು ಗಂಟೆಗೆ ಎಲ್ಲರ ಯಂತ್ರ ಎಲ್ಲಿತ್ತು ಎಂದು ಒಬ್ಬೊಬ್ಬರನ್ನೇ ಕೇಳಿದರು. ನಿರ್ದೇಶಕರದು ಕಚೇರಿಯಲ್ಲೇ ಇತ್ತು. ಸುರಂಗನದು ಮನೆಯಲ್ಲಿ. ಉಪನಿರ್ದೇಶಕರು ತಮ್ಮದು ಮನೆಯಲ್ಲಿ, ಚೀಲದೊಳಗೆ ಇತ್ತೆಂದರು. “ಅದನ್ನ ನನ್ನ ಹೆಂಡತಿಗೂ ಮುಟ್ಟಿಸೋದಿಲ್ಲ,” ಎಂದು ನಕ್ಕರು. ಎಲ್ಲವನ್ನೂ ಬರೆದುಕೊಂಡೆ.

ಸೊಸೆಯ ಸರದಿ ಬಂತು. ಅವಳ ಯಂತ್ರವೂ ಚೀಲದಲ್ಲಿತ್ತು.

“ನೀನೇನು ಮಾಡ್ತಿದ್ದೆಯಮ್ಮಾ?”

“ಅತ್ತೆಯ ಸೀರೆಗಳನ್ನ ಮಡಿಸಿಡ್ತಿದ್ದೆ. ಮಾವ ಪಕ್ಕದಲ್ಲೇ ಇದ್ದರು.”

“ಬೇರೆ ಯಾರು ನೋಡಿದ್ರು?”

“ಯಾರೂ ಇಲ್ಲ. ನಮ್ಮ ಯಜಮಾನರು ರೈಲಿನ ಕೆಲಸದ ಮೇಲೆ ಹೋಗಿದ್ದರು.”

ಮಾವನ ಸಾಕ್ಷಿ ನಡೆಯುವುದಿಲ್ಲ ಎಂದು ನಿರ್ದೇಶಕರು ಮೆಲ್ಲಗೆ ಹೇಳಿದರು. ಅದನ್ನೂ ಬರೆದುಕೊಂಡೆ. ನನ್ನ ಹೆಂಡತಿ ಹೋಗಿ ನಾಲ್ಕು ತಿಂಗಳಾಗಿತ್ತು. ಅವಳ ಕಪಾಟಿನ ಬಾಗಿಲು ತೆರೆಯಲು ನಮಗೆ ಅಷ್ಟು ದಿನ ಹಿಡಿದಿತ್ತು. ಆ ಮಧ್ಯಾಹ್ನ ಒಂದೊಂದೇ ಸೀರೆಯನ್ನು ಸೊಸೆ ಮಡಿಸಿದಳು, ನಾನು ಎತ್ತಿಟ್ಟೆ. ಅದಕ್ಕೆ ದೇವರೊಬ್ಬನೇ ಸಾಕ್ಷಿ, ಅವನನ್ನು ಕರೆತಂದು ಈ ಕುರ್ಚಿಯಲ್ಲಿ ಕೂರಿಸುವುದು ಹೇಗೆ?

ಗಂಟೆ ಹನ್ನೆರಡು. ಚಹಾ ಬಂತು. ಸೂಜಿಯಮ್ಮ ಲೋಟ ಮುಟ್ಟದೆ ಎದ್ದು, ಸುರಂಗನನ್ನೂ ನನ್ನನ್ನೂ ಅವನ ಚಿಕ್ಕ ಕೋಣೆಗೆ ಕರೆದೊಯ್ದರು. ತಂತಿಗಳ ಸುರುಳಿಗಳ ನಡುವೆ ಮೂವರಿಗೆ ನಿಲ್ಲಲಷ್ಟೇ ಜಾಗವಿತ್ತು. ಸುರಂಗದ ದಾಖಲೆಯನ್ನು ಕಾಗದದ ಮೇಲೆ ಅಚ್ಚು ಮಾಡಿಸಿ, ಬೆರಳಿಟ್ಟು ಓದಿಸಿದರು. ದಿನ. ಗಂಟೆ. ಹೆಸರು. ವಿಳಾಸ. ಅಲ್ಲಿಗೆ ಅವನು ನಿಲ್ಲಿಸಿದ.

“ಕೊನೆಯ ಸಾಲಿನಲ್ಲಿ ಇನ್ನೊಂದು ಅಂಕಿ ಇದೆಯಲ್ಲ?”

“ಅದೇನಿಲ್ಲ ಮೇಡಂ. ತಂತ್ರಾಂಶದ ಆವೃತ್ತಿ. ಯಾರೂ ನೋಡಲ್ಲ.”

“ಯಾರೂ ನೋಡದ್ದನ್ನೇ ನಾನು ನೋಡೋದು. ಓದು.”

ಓದಿದ. ಎರಡು ವಾರದಿಂದ ಈಚೆಗೆ ಸೊಸೆಯ ಹೆಸರಿನಲ್ಲಿ ಹತ್ತು ಸಲ ಸುರಂಗ ತೆರೆದಿತ್ತು. ಒಂಬತ್ತು ಸಲ ‘ಐದು ಬಿಂದು ಎರಡು’. ಭಾನುವಾರ ಮಾತ್ರ ‘ಐದು ಬಿಂದು ಒಂದು’.

ಅವನ ಮುಖದ ಬಣ್ಣ ಬದಲಾಯಿತು.

ಮೂರು ವಾರದ ಹಿಂದೆ ಅವನು ಎಲ್ಲ ಯಂತ್ರಗಳಿಗೂ ಹೊಸ ಆವೃತ್ತಿ ಕಳುಹಿಸಿದ್ದ. ದಿನ ಬೆಳಿಗ್ಗೆ ಯಂತ್ರ ತೆರೆದಾಗ ಪರದೆಯ ಮೇಲೆ ಒಂದು ಚೀಟಿ ಏಳುತ್ತಿತ್ತು. ಅದರಲ್ಲಿ ಎರಡೇ ಗುಂಡಿ — ‘ಈಗ’, ‘ಆಮೇಲೆ’. ‘ಈಗ’ ಒತ್ತಿದರೆ ಎರಡು ನಿಮಿಷದಲ್ಲಿ ಹೊಸದಾಗುತ್ತದೆ. ಹೊಸದಾದದ್ದು ಮತ್ತೆ ಹಳೆಯದಾಗದು. ಸೊಸೆಯ ಯಂತ್ರವನ್ನು ತರಿಸಿ ನೋಡಿದೆವು. ಚೀಟಿ ಬಂದ ಮೊದಲ ದಿನವೇ ಅವಳು ‘ಈಗ’ ಒತ್ತಿದ್ದಳು.

“ಅಂದ್ರೆ ಭಾನುವಾರ ಬಂದದ್ದು ಈ ಯಂತ್ರ ಅಲ್ಲ,” ಎಂದರು ಸೂಜಿಯಮ್ಮ. “ಹಳೆಯದು ಇನ್ನೂ ಎಷ್ಟು ಉಳಿದಿವೆ?”

“ಹತ್ತೊಂಬತ್ತರಲ್ಲಿ ಒಂದು. ಭಾನುವಾರ ಬಿಟ್ಟರೆ ಅದು ಸುರಂಗಕ್ಕೆ ಬಂದೇ ಇಲ್ಲ, ಯಾರದ್ದು ಅಂತ ಗೊತ್ತಾಗಲ್ಲ. ಎಲ್ಲದಕ್ಕೂ ಒಂದೇ ಹೆಸರು...”

“ಅದನ್ನ ಆಗಲೇ ಕೇಳಿದ್ದೀನಿ. ಇವಳ ಹೆಸರು ಬೇರೆ ಯಂತ್ರದಲ್ಲಿ ಹೇಗೆ ಹೊಕ್ಕಿತು? ದಾಖಲೆಯವರೇ, ನಿಮ್ಮ ಸೊಸೆ ಎಂದಾದರೂ ಬೇರೆ ಯಂತ್ರದಲ್ಲಿ ಕೆಲಸ ಮಾಡಿದ್ಳಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು.

ನನ್ನ ಹೆಂಡತಿಯ ಕೊನೆಯ ತಿಂಗಳು. ಸೊಸೆ ರಜೆಯೆಲ್ಲ ಮುಗಿದ ಮೇಲೆ ಅತ್ತೆಯ ಮಂಚದ ಪಕ್ಕದಲ್ಲೇ ಕುಳಿತು ವರದಿ ಬರೆಯುತ್ತಿದ್ದಳು. ಒಂದು ದಿನ ಔಷಧಿಯ ಬಟ್ಟಲು ಮಗುಚಿ ಅವಳ ಲ್ಯಾಪ್‌ಟಾಪಿನ ಮೇಲೆ ಚೆಲ್ಲಿತು. ದುರಸ್ತಿಗೆ ಮೂರು ವಾರ ಎಂದರು. ಮಾರನೆಯ ದಿನ ಒಬ್ಬರು ತಮ್ಮ ಯಂತ್ರವನ್ನೇ ತಂದು ಬಾಗಿಲಲ್ಲಿ ನನ್ನ ಕೈಗೆ ಕೊಟ್ಟರು. ನಾನು ಕೈಮುಗಿದು ತೆಗೆದುಕೊಂಡಿದ್ದೆ. ನಿಮ್ಮ ಮನೆಯನ್ನು ದೇವರು ಚೆನ್ನಾಗಿಟ್ಟಿರಲಿ ಎಂದಿದ್ದೆ. ಹೆಂಡತಿ ಹೋದ ಮೇಲೆ ಅವರೇ ಬಂದು, ಎರಡು ಸಮಾಧಾನದ ಮಾತು ಹೇಳಿ ಅದನ್ನು ಒಯ್ದಿದ್ದರು.

ಯಂತ್ರದ ವಿಷಯವನ್ನಷ್ಟೇ ಹೇಳಿದೆ. ಸುರಂಗ ಹಣೆ ಚಚ್ಚಿಕೊಂಡ. ಎರವಲು ಯಂತ್ರದಲ್ಲಿ ಅವಳ ಹೆಸರು ಸೇರಿಸುವುದನ್ನು, ‘ನೆನಪಿಟ್ಟುಕೋ’, ‘ನಂಬು’ ಎಂದು ಗುರುತು ಹಾಕುವುದನ್ನು ಅವನೇ ಫೋನಿನಲ್ಲಿ ಹೇಳಿಕೊಟ್ಟಿದ್ದ. ಯಾರ ಯಂತ್ರ ಎಂದು ಕೇಳಿರಲಿಲ್ಲ. ಹೆಸರನ್ನು ಯಾರು ಬೇಕಾದರೂ ಸೇರಿಸಬಹುದು. ತೆಗೆಯಲು ಅವನ ಗುಪ್ತಪದವೇ ಬೇಕು. ತೆಗೆಯಲು ಅವನಿಗೆ ಯಾರೂ ಹೇಳಲಿಲ್ಲ. ಸಾವಿನ ಮನೆಯಲ್ಲಿ ಅದು ಯಾರಿಗೆ ನೆನಪಿರುತ್ತದೆ?

“ತಂದುಕೊಟ್ಟವರು...” ಎಂದು ಬಾಯಿ ತೆರೆದೆ.

ಸೂಜಿಯಮ್ಮ ಕೈ ಎತ್ತಿದರು. “ಬಾಯಲ್ಲಿ ಬೇಡ. ಬರೆದುಕೊಡಿ.”

ಬರೆಯುವಾಗ ಕೈ ಹಿಂದೆಗೆಯಿತು. ಉಂಡ ಮನೆಯ ಜಂತೆ ಎಣಿಸಿದಂತೆ ಅನ್ನಿಸಿತು. ಚೀಟಿಯನ್ನು ಓದಿ ಅವರು ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡರು.

ಉದ್ದನೆಯ ಕೋಣೆಗೆ ಹಿಂದಿರುಗಿದಾಗ ಹನ್ನೆರಡೂ ಇಪ್ಪತ್ತೈದು. ಸೂಜಿಯಮ್ಮ ಕೂರಲೂ ಇಲ್ಲ. ಕಂಡುಹಿಡಿದದ್ದನ್ನೆಲ್ಲ ಎಲ್ಲರ ಮುಂದೆ ಬಿಡಿಸಿ ಹೇಳಿಬಿಟ್ಟರು! ಭಾನುವಾರ ಬಂದ ಯಂತ್ರದಲ್ಲಿ ಹಳೆಯ ಆವೃತ್ತಿ ಇದೆ. ಅದು ಯಾರ ಬಳಿ ಇದೆಯೋ ಅವರೇ ತಿದ್ದಿದವರು. ಹತ್ತೊಂಬತ್ತು ಯಂತ್ರಗಳೂ ಹತ್ತು ನಿಮಿಷದಲ್ಲಿ ಈ ಮೇಜಿನ ಮೇಲಿರಬೇಕು ಎಂದರು.

ಸೊಸೆಯೊಬ್ಬಳನ್ನು ಬಿಟ್ಟು ಎಲ್ಲರೂ ಎದ್ದು ಹೋದರು. ನಾನು ಅವರ ಹತ್ತಿರ ಸರಿದೆ.

“ಕಳ್ಳನಿಗೆ ಕೂಗಿ ಹೇಳಿದ ಹಾಗಾಯ್ತಲ್ಲ ತಾಯಿ. ಎರಡು ನಿಮಿಷ ಸಾಕಂತೆ ಹೊಸದಾಗೋಕೆ.”

“ಅದಕ್ಕೇ ಹತ್ತು ಕೊಟ್ಟಿದ್ದೀನಿ,” ಎಂದರು.

ನಾನು ಕಣ್ಣು ಮುಚ್ಚಿ ದೇವರನ್ನು ನೆನೆದೆ. ಎದುರಿಗೆ ಸೊಸೆ ಕೈಕಟ್ಟಿ ಕುಳಿತಿದ್ದಳು.

ಯಂತ್ರಗಳು ಒಂದೊಂದಾಗಿ ಬಂದವು. ಸುರಂಗ ಸಾಲಾಗಿ ಇಟ್ಟು, ಒಂದೊಂದನ್ನೇ ತೆರೆದು ಆವೃತ್ತಿಯನ್ನು ಓದುತ್ತ ಹೋದ. ಐದು ಬಿಂದು ಎರಡು. ಐದು ಬಿಂದು ಎರಡು. ಹದಿನೈದು, ಹದಿನಾರು, ಹದಿನೇಳು. ಹತ್ತೊಂಬತ್ತನೆಯದೂ ಹೊಸದೇ. ಹಳೆಯದು ಒಂದೂ ಇಲ್ಲ.

ನಿರ್ದೇಶಕರು ಗಡಿಯಾರ ನೋಡಿ, ಸಹಿಯಾಗಬೇಕಿದ್ದ ಕಾಗದವನ್ನು ಹತ್ತಿರ ಎಳೆದುಕೊಂಡರು. ಒಂದಕ್ಕೆ ಹತ್ತು ನಿಮಿಷವಿತ್ತು.

“ನಿಮ್ಮ ಸೂಜಿಗೆ ಏನೂ ಸಿಗಲಿಲ್ಲ,” ಎಂದರು.

“ಇನ್ನೂ ಗಂಟು ಹಾಕಿಲ್ಲ. ತಮ್ಮಾ, ಯಾವುದು ಯಾವಾಗ ಹೊಸದಾಯ್ತು ಅಂತಲೂ ಯಂತ್ರದಲ್ಲಿರುತ್ತಾ?”

“ಇರುತ್ತೆ ಮೇಡಂ. ದಿನ, ಗಂಟೆ, ನಿಮಿಷ.”

“ಓದು.”

ಮೂರು ವಾರದ ಹಿಂದೆ. ಮೂರು ವಾರದ ಹಿಂದೆ. ಎರಡು ವಾರದ ಹಿಂದೆ. ಹದಿನೇಳನೆಯ ಯಂತ್ರದ ಮುಂದೆ ಸುರಂಗನ ಧ್ವನಿ ಸಣ್ಣದಾಯಿತು.

“ಇವತ್ತು. ಹನ್ನೆರಡು ಗಂಟೆ ಮೂವತ್ತೊಂದು ನಿಮಿಷ.”

ಸೂಜಿಯಮ್ಮ ಮುಷ್ಟಿ ಬಿಚ್ಚಿ ನನ್ನ ಚೀಟಿಯನ್ನು ಆ ಯಂತ್ರದ ಪಕ್ಕದಲ್ಲಿಟ್ಟರು. ಅದರಲ್ಲಿ ನಾನು ಬರೆದದ್ದು ಒಂದೇ ಪದ: ಉಪನಿರ್ದೇಶಕರು.

“ಪರದೆಯ ಮೇಲೆ ಚೀಟಿ ಬಂತು, ಒತ್ತಿದೆ,” ಎಂದರು ಉಪನಿರ್ದೇಶಕರು. “ಅದೂ ತಪ್ಪಾ?”

“ಒತ್ತಿದ್ದು ತಪ್ಪಲ್ಲ. ಮೂರು ವಾರ ದಿನ ಬೆಳಗಾದರೆ ಅದೇ ಚೀಟಿ ಬಂತು. ದಿನವೂ ‘ಆಮೇಲೆ’ ಅಂದಿರಿ. ಸೋಮಾರಿತನ, ಎಲ್ಲರಿಗೂ ಇರುತ್ತೆ. ಹಳೆಯ ಯಂತ್ರ ಇರೋರೇ ಕಳ್ಳರು ಅಂತ ನಾನು ಹೇಳಿದ ಆರು ನಿಮಿಷಕ್ಕೆ ‘ಈಗ’ ಅಂದಿರಿ. ಬೇರೆಯವರ ಯಂತ್ರ ಹಳೆಯದಿದ್ದಿದ್ರೆ ಹಾಗೇ ತಂದಿಡ್ತಿದ್ರು. ಅವರಿಗೇನು ಭಯ?”

“ನನ್ನ ಯಂತ್ರ ಯಾರಾದ್ರೂ ತಗೊಂಡು...”

“ದಾಖಲೆಯವರೇ, ಇವರ ಹೇಳಿಕೆ ಓದಿ.”

ಓದಿದೆ. “ಭಾನುವಾರ ಮನೆಯಲ್ಲಿ, ಚೀಲದೊಳಗೆ ಇತ್ತು. ಅದನ್ನ ನನ್ನ ಹೆಂಡತಿಗೂ ಮುಟ್ಟಿಸೋದಿಲ್ಲ.”

“ಹೆಂಡತಿಗೂ ಮುಟ್ಟಿಸದ ಯಂತ್ರವನ್ನ ಒಂದು ಸಲ ಕೊಟ್ಟಿದ್ದಿರಿ,” ಎಂದರು ಸೂಜಿಯಮ್ಮ. “ಅದು ಒಳ್ಳೆಯ ಕೆಲಸ. ಆ ಒಳ್ಳೆಯ ಕೆಲಸ ಒಳಗೆ ಹಾಗೇ ಕೂತಿದೆ. ತೆಗೆಯೋಕೆ ಹೋದಿರಿ, ಗುಪ್ತಪದ ಕೇಳಿತು. ಅಲ್ವಾ? ತಮ್ಮಾ, ಸುರಂಗದ ಪಟ್ಟಿ ತೆರೆ.”

ಪಟ್ಟಿ ತೆರೆಯಿತು. ಎರಡು ಸಾಲು. ಹೆಸರು ಸೇರಿಸುವಾಗ ಪ್ರತಿ ಸುರಂಗಕ್ಕೂ ಏನಾದರೊಂದು ಗುರುತು ಕೊಡಬೇಕು. ಅದು ಆ ಯಂತ್ರದಲ್ಲಿ ಮಾತ್ರ ಕಾಣುತ್ತದೆ. ಮೊದಲ ಸಾಲಿನಲ್ಲಿ ಉಪನಿರ್ದೇಶಕರ ಹೆಸರು, ಗುರುತು ‘ಕಚೇರಿ’. ಎರಡನೆಯದರಲ್ಲಿ ನನ್ನ ಸೊಸೆಯ ಹೆಸರು. ಗುರುತು — ‘ಅತ್ತೆಯ ಮಗ್ಗುಲು’. ಕೊನೆಯ ಬಳಕೆ: ಭಾನುವಾರ, ಮೂರು ಗಂಟೆ ಹತ್ತು ನಿಮಿಷ.

ಉಪನಿರ್ದೇಶಕರು ಕುಳಿತುಬಿಟ್ಟರು. ಸಿರಪ್ಪು ಮಾಡುವ ಕಾರ್ಖಾನೆ ಅವರ ಬೀಗರದಂತೆ. ತಿರಸ್ಕಾರವಾದರೆ ಬಾಗಿಲು ಮುಚ್ಚುತ್ತಿತ್ತಂತೆ.

“ಮಗಳ ಸಂಸಾರ ಬೀದಿಗೆ ಬರ್ತಿತ್ತು,” ಎಂದರು.

ಆಗ ಸೊಸೆ ಮೊದಲ ಸಲ ತಲೆ ಎತ್ತಿದಳು. “ಆ ಸಿರಪ್ಪು ಕುಡಿಯೋ ಮಕ್ಕಳು ಯಾರ ಮಕ್ಕಳು ಸರ್?”

ನಿರ್ದೇಶಕರು ಮುಂದಿದ್ದ ಕಾಗದವನ್ನು ನಾಲ್ಕಾಗಿ ಹರಿದರು.

ಪೊಲೀಸರು ಬರುವವರೆಗೆ ಯಂತ್ರ ಹಾಗೆಯೇ ತೆರೆದಿರಬೇಕಾಗಿತ್ತು. ಸೂಜಿಯಮ್ಮ ಅಂದಿನ ಬರಹವನ್ನೆಲ್ಲ ಮೊದಲಿನಿಂದ ಓದಲು ಹೇಳಿದರು. ಓದುತ್ತ ಬಂದೆ. ಕೊನೆಯ ಪುಟದಲ್ಲಿ ಸುರಂಗದ ಗುರುತು ಎಂಬಲ್ಲಿ ದನಿ ನಿಂತಿತು. ಎರಡು ಸಲ ಪ್ರಯತ್ನಿಸಿದೆ.

ಸೊಸೆ ಎದ್ದು ಬಂದು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. “ಕೊಡಿ ಮಾವ,” ಎಂದಳು. ನಿಂತುಕೊಂಡೇ, ತಡವರಿಸದೆ, ಉಳಿದದ್ದನ್ನು ಓದಿ ಮುಗಿಸಿದಳು.