ಕಾರ್ಡಿನಲ್ಲಿ ಸತ್ತವನು

ಮಾರ್ಚ್ 11, ಮಂಗಳವಾರ ಬೆಳಿಗ್ಗೆ 10.20ಕ್ಕೆ ಗಾರೆ ಕೆಲಸದವನೊಬ್ಬ ಠಾಣೆಗೆ ಬಂದ. ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಒಣಗಿದ ಸಿಮೆಂಟು. ಏನು ದೂರು ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದರು.

"ನಾನು ಸತ್ತೋಗಿದೀನಂತೆ ಸಾರ್."

"ಯಾರಂದಿದ್ದು?"

"ಕಾರ್ಮಿಕ ಕಚೇರಿಯೋರು. ಕಟ್ಟಡ ಕಾರ್ಮಿಕರ ಕಾರ್ಡ್ ಕೇಳೋಕೆ ಹೋಗಿದ್ದೆ. ಹೋದ ಜುಲೈನಲ್ಲೇ ತೀರ್ಕೊಂಡಿದೀಯ, ಕಾರ್ಡ್ ರದ್ದಾಗಿದೆ ಅಂದ್ರು. ಅದಿಲ್ದೆ ಯಾವ ಸೈಟಲ್ಲೂ ಒಳಗೆ ಬಿಡಲ್ಲ."

"ಸತ್ತೋರ ಹತ್ರ ಸಹಿ ಹಾಕಿಸ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ ಕಣಯ್ಯ," ಎಂದು ಹೆಡ್ ಕಾನ್‌ಸ್ಟೇಬಲ್ ನಕ್ಕರು. ಗಾರೆಯವನು ನಗಲಿಲ್ಲ.

ಇನ್‌ಸ್ಪೆಕ್ಟರ್ ಜುಲೈ ತಿಂಗಳ ಅಸಹಜ ಸಾವಿನ ಕಡತ ತರಿಸಿದರು. 19ನೇ ತಾರೀಖು, ಮಧ್ಯಾಹ್ನ 2.15. ಸಾರವೆ ಮುರಿದು ಆರನೇ ಮಹಡಿಯಿಂದ ಬಿದ್ದು ಸಾವು. ಹೆಸರು ಗಾರೆಯವನದೇ. ಶವ ಪಂಚನಾಮೆಯ ಮೂರನೇ ಪುಟದಲ್ಲಿ ಅವರ ಬೆರಳು ನಿಂತಿತು: ಎಡಗೈಯ ಉಂಗುರ ಬೆರಳು ಅರ್ಧ ಇಲ್ಲ, ಹಳೆಯ ಗಾಯ.

"ಕೈ ತೋರಿಸು."

ಗಾರೆಯವನು ಎರಡೂ ಕೈ ಮೇಜಿನ ಮೇಲಿಟ್ಟ. ಹತ್ತೂ ಬೆರಳು ಪೂರ್ತಿ ಇದ್ದವು.

"ಆಗ ನಿನ್ನ ಕಾರ್ಡ್ ಯಾರ ಹತ್ರ ಇತ್ತು?"

"ಮೇಸ್ತ್ರಿ ಹತ್ರ. ನವೀಕರಣ ಮಾಡಿಸ್ತೀನಿ ಅಂತ ಇಸ್ಕೊಂಡಿದ್ದ. ಅಷ್ಟರಲ್ಲಿ ಹಳ್ಳಿ ಕಡೆ ಮನೆ ಕಟ್ಟೋ ಕೆಲಸ ಸಿಕ್ತು, ಅಲ್ಲಿ ಕಾರ್ಡ್ ಕೇಳಲ್ಲ, ಹೊರಟುಹೋದೆ."

ಶವ ಗುರುತಿಸಿದವರ ಕಾಲಂನಲ್ಲಿ ಅದೇ ಮೇಸ್ತ್ರಿಯ ಸಹಿ ಇತ್ತು. ಮೃತನೊಂದಿಗೆ ಸಂಬಂಧ: ಇಲ್ಲ. 11.40ಕ್ಕೆ ಎಫ್‌ಐಆರ್ ದಾಖಲಾಯಿತು. ಹಾಗಾದರೆ ಜುಲೈನಲ್ಲಿ ಸುಟ್ಟದ್ದು ಯಾರನ್ನು ಎಂಬ ಪ್ರಶ್ನೆ ಉಳಿಯಿತು.

ಮರುದಿನ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲ್ ಜೊತೆ ಮೇಸ್ತ್ರಿಯ ಕೆಲಸಗಾರರ ಶೆಡ್ಡುಗಳಿಗೆ ಹೋದರು. ತಗಡಿನ ಹನ್ನೆರಡು ಗೂಡು, ಒಂದೊಂದರಲ್ಲಿ ಆರೇಳು ಚಾಪೆ. ಶವದ ಫೋಟೋ ಕೈಯಿಂದ ಕೈಗೆ ಹೋಯಿತು. ಎಲ್ಲರದೂ ಒಂದೇ ಮಾತು, ಗೊತ್ತಿಲ್ಲ ಸಾರ್. ನೀರಿನ ತೊಟ್ಟಿಯ ಬಳಿ ಬಾಂಡಲಿ ತೊಳೆಯುತ್ತಿದ್ದ ಗಾರೆ ಹೊರುವ ಹೆಂಗಸು ಮಾತ್ರ ಫೋಟೋ ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾನ್‌ಸ್ಟೇಬಲ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಯಾರಕ್ಕಾ ಇವನು?"

"ಮೊಂಡುಬೆರಳು ಅಂತಿದ್ವಿ. ದೂರದೋನು. ಮೇಸ್ತ್ರಿನ ನಾವೆಲ್ಲ ಮೇಸ್ತ್ರಿ ಅಂತೀವಿ. ಇವನೊಬ್ಬ ಭಾವ ಅಂತಿದ್ದ."

"ಸುಮ್ನೆ ಸಲಿಗೆಗೆ ಇರ್ಬೇಕು."

"ಸಲಿಗೆಗೆ ಕರೆದೋನ ಹೆಂಡ್ತಿ ಬಸುರಿ ಅಂತ ಮೇಸ್ತ್ರಿ ಯಾಕಮ್ಮ ಎಲ್ಲರಿಗೂ ಬಾಯಿ ಸಿಹಿ ಮಾಡ್ತಾನೆ?"

ಮಾರ್ಚ್ 13, ಮಧ್ಯಾಹ್ನ 3.00. ಮೇಸ್ತ್ರಿ ಇನ್‌ಸ್ಪೆಕ್ಟರ್ ಎದುರು ಕೂತಿದ್ದ.

"ಸತ್ತೋನು ಯಾರು?"

"ಕಾರ್ಡಲ್ಲಿತ್ತಲ್ಲ ಸಾರ್."

"ಕಾರ್ಡಿನೋನು ಹೊರಗೆ ಬೆಂಚಿನ ಮೇಲಿದಾನೆ. ಕರೀಲಾ?"

ಮೇಸ್ತ್ರಿ ಬಾಗಿಲ ಕಡೆ ತಿರುಗಿ ನೋಡಿದ.

"ನಿನಗೆ ತಂಗಿ ಇದಾಳಾ?"

ಮೇಸ್ತ್ರಿಯ ಮುಖ ಇಳಿದುಹೋಯಿತು.

"ತಂಗಿ ಗಂಡ ಸಾರ್. ನಾನೇ ಕರೆಸ್ಕೊಂಡೆ. ಕಾರ್ಡಿಗೆ ಮೂರು ಸಲ ಅರ್ಜಿ ಹಾಕಿದ. ತೊಂಬತ್ತು ದಿನ ದುಡಿದಿದ್ದಕ್ಕೆ ಪತ್ರ ತಗೊಂಬಾ ಅಂದ್ರು. ಕಾರ್ಡಿಲ್ದೆ ಒಂದು ದಿನಾನೂ ದುಡಿಯೋ ಹಾಗಿಲ್ಲ, ಹೊಸ ಕಾನೂನು. ಗುತ್ತಿಗೆದಾರ್ರು ಪತ್ರ ಕೊಡಲ್ಲ, ಕೊಟ್ರೆ ಇವನು ನಮ್ಮ ಕೆಲಸಗಾರ ಅಂತ ಒಪ್ಕೊಂಡ ಹಾಗಾಗುತ್ತೆ. ಅದಕ್ಕೇ ಆ ಕಾರ್ಡ್ ಕೊಟ್ಟೆ."

"ಆಸ್ಪತ್ರೆಯಲ್ಲಾದ್ರೂ ನಿಜ ಹೇಳ್ಬಹುದಿತ್ತು."

"ಹೇಳೋಕಂತ ಬಾಯಿ ತೆಗ್ದೆ ಸಾರ್. ಗೇಟ್ ಹತ್ರ ನನ್ನ ಮೂವತ್ತು ಜನ ನಿಂತಿದ್ರು. ಅರ್ಧಕ್ಕರ್ಧ ಜನರ ಹತ್ರ ಇದ್ದಿದ್ದು ಬೇರೆಯೋರ ಕಾರ್ಡೇ. ಸೈಟಿಗೆ ಬೀಗ ಬಿದ್ರೆ ಅವರೆಲ್ಲ ಬೀದಿಗೆ. ಅಷ್ಟರಲ್ಲಿ ನರ್ಸು ಹೆಸರು ಬರ್ಕೊಂಡಾಗಿತ್ತು. ಸಂಬಂಧ ಏನು ಅಂತ ಕೇಳಿದ್ರು. ಏನೂ ಇಲ್ಲ ಅಂದೆ."

ಗುತ್ತಿಗೆದಾರನನ್ನು ಎರಡನೇ ಆರೋಪಿಯಾಗಿ ಸೇರಿಸಲು ಇನ್‌ಸ್ಪೆಕ್ಟರ್ ಕಾಗದಪತ್ರ ತರಿಸಿದರು. ಅದರಲ್ಲಿ ಕೆಲಸಗಾರರೇ ಇರಲಿಲ್ಲ. ಇದ್ದ ಹೆಸರು ಮೇಸ್ತ್ರಿಯದೊಂದೇ. ಉಳಿದವರೆಲ್ಲ ಕಾಗದದ ಪ್ರಕಾರ ಅವನ ಜನ. ಸತ್ತವನಿಗೂ ಗುತ್ತಿಗೆದಾರನಿಗೂ ಸಂಬಂಧವಿಲ್ಲ ಎನ್ನುವ ವಕೀಲರ ಪತ್ರವೂ ಅದರ ಜೊತೆಗೇ ಬಂದಿತ್ತು.

ಸಂಜೆ 4.30ಕ್ಕೆ ಸುಳ್ಳು ಗುರುತು ಹೇಳಿದ ಆರೋಪದ ಮೇಲೆ ಮೇಸ್ತ್ರಿಯನ್ನು ಬಂಧಿಸಲಾಯಿತು. ಹೆಡ್ ಕಾನ್‌ಸ್ಟೇಬಲ್ ಬಂಧನ ಪತ್ರ ತುಂಬುತ್ತ ಕೇಳಿದರು, "ಯಾರಿಗೆ ವಿಷಯ ತಿಳಿಸ್ಬೇಕು?"

"ತಂಗಿ ಬಿಟ್ರೆ ನಂಗ್ಯಾರೂ ಇಲ್ಲ."

"ಅವಳಿಗೇನು ಹೇಳಿದೀಯ?"

"ಹಡಗಿನ ಕೆಲಸಕ್ಕೆ ಹೋಗಿದಾನೆ, ಅಲ್ಲಿ ಫೋನ್ ಸಿಗಲ್ಲ ಅಂತ. ಬಾಣಂತನ ಮುಗೀಲಿ ಅಂದ್ಕೊಂಡೆ. ಆಮೇಲೆ ಮಗು ಕೂತ್ಕೊಳ್ಳೋ ಹಾಗಾಗ್ಲಿ ಅಂದ್ಕೊಂಡೆ."

ನಿಯಮದಂತೆ ತಿಳಿಸಲೇಬೇಕಿತ್ತು. ಇನ್‌ಸ್ಪೆಕ್ಟರ್ ಮೇಸ್ತ್ರಿಯ ಫೋನಿನಿಂದಲೇ ಕರೆ ಮಾಡಿದರು. ಎರಡನೇ ರಿಂಗಿಗೇ ಅತ್ತಲಿಂದ ಹೆಂಗಸಿನ ದನಿ ಕೇಳಿತು. ಹಿಂದೆ ಮಗುವಿನ ಕೇಕೆ.

"ಅಣ್ಣಾ, ಇವತ್ತಾದ್ರೂ ಅವರ ಹತ್ರ ಮಾತಾಡಿಸ್ತೀಯಾ?"

ಇನ್‌ಸ್ಪೆಕ್ಟರ್ ಕುರ್ಚಿಯಿಂದ ಎದ್ದು ನಿಂತರು. "ನಿಮ್ಮಣ್ಣ ಅಲ್ಲಮ್ಮ," ಎಂದರು. "ಮಗೂನ ಸ್ವಲ್ಪ ಯಾರ ಕೈಗಾದ್ರೂ ಕೊಡಿ."