ಬಾಂದು ಕಲ್ಲಿನ ಕೆಳಗಿನ ಇದ್ದಿಲು

"ನಿನ್ನೆ ನಮ್ಮನೆ ಮುಂದಿದ್ದ ಕಲ್ಲು ಇವತ್ತು ಹಿತ್ತಲಲ್ಲಿದೆ ಸಾರ್. ಕಲ್ಲಿಗೇನು ಕಾಲು ಬಂತಾ?"

ಮಾರ್ಚ್ 12, ಬೆಳಗ್ಗೆ 9.20. ಹೀಗೆ ಕೇಳಿಕೊಂಡೇ ಠಾಣೆಗೆ ನುಗ್ಗಿದವಳು ಕಡಲ ದಂಡೆಯ ಕೊನೆಯ ಬೀದಿಯ ದರ್ಜಿ. ಅಳತೆ ಟೇಪು ಕೊರಳಲ್ಲೇ ನೇತಾಡುತ್ತಿತ್ತು.

"ಯಾವ ಕಲ್ಲಮ್ಮ?" ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು.

"ಬಾಂದು ಕಲ್ಲು ಸಾರ್. ಬಿಸಿಲು ಜಾಸ್ತಿಯಾಗಿ ಕಡಲು ಏರ್ತಿದೆ, ಐವತ್ತು ವರ್ಷದಲ್ಲಿ ಎಲ್ಲೀವರೆಗೆ ಬರುತ್ತೆ ಅಂತ ಯೋಜನಾ ಕಚೇರಿಯವರು ನೆಟ್ಟಿದ್ದಾರಲ್ಲ, ಅದು. ಕಲ್ಲಿನಿಂದ ಕಡಲ ಕಡೆಯವರು ಮನೆ ಬಿಟ್ಟು ದಿಬ್ಬಕ್ಕೆ ಹೋಗ್ಬೇಕು. ಈಚೆಯವರು ಇರಬಹುದು. ನಾನು ಈಚೆ ಇದ್ದೆ. ಬೆಳಗ್ಗೆ ಎದ್ದು ನೋಡಿದ್ರೆ ಆಚೆಯವಳಾಗಿದ್ದೀನಿ! ಇಪ್ಪತ್ತು ವರ್ಷದ ಗಿರಾಕಿಗಳು ಅಂಗಿ ಹೊಲಿಸೋಕೆ ದಿಬ್ಬ ಹತ್ತುತ್ತಾರಾ?"

"ಕೊನೆಗೆ ಕಲ್ಲು ನೋಡಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ ಎರಡಕ್ಕೆ. ಆಮೇಲೆ ಇಡೀ ಬೀದಿಯೇ ಯೋಜನೆಯ ಸಭೆಗೆ ಹೋಗಿತ್ತು. ಬರೋಷ್ಟರಲ್ಲಿ ಕತ್ತಲಾಗಿತ್ತು."

9.45ಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದುಕೊಂಡ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಕ್ಯಾಲೆಂಡರ್ ಎಂದೇ ಹೆಸರು. ಯಾವ ಕಳ್ಳತನ ಯಾವ ತಾರೀಕು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿ. ಹೆಂಡತಿ ಹುಟ್ಟಿದ ದಿನವೊಂದೇ ನೆನಪಿಗೆ ಬರುವುದಿಲ್ಲ ಎಂದು ಕಿರಿಯರು ಕಿಚಾಯಿಸುತ್ತಿದ್ದರು.

10.30ಕ್ಕೆ ಸ್ಥಳ ಪರಿಶೀಲನೆ. ಯೋಜನಾ ಕಚೇರಿಯ ಎಂಜಿನಿಯರ್, ಬಿಸಿಲಿಗೆ ಟೋಪಿ ಹಾಕಿದ ಚುರುಕು ಹೆಂಗಸು, ನಕ್ಷೆ ಹಿಡಿದು ಓಡಾಡಿದಳು. ಜಾಗ ಬಿಟ್ಟದ್ದು ಮೂರು ಕಲ್ಲು: 14, 15, 16. ಮೂವತ್ತೆಂಟು, ನಲವತ್ತು, ನಲವತ್ತಮೂರು ಹೆಜ್ಜೆ ಊರಿನ ಕಡೆಗೆ ಸರಿದಿದ್ದವು. ಐದು ಮನೆಗಳು ಹೊಸದಾಗಿ ಗೆರೆಯ ಆಚೆಗೆ ಬಿದ್ದಿದ್ದವು.

"ಬೇಕಾಬಿಟ್ಟಿ ಇಟ್ಟಿಲ್ಲ ಸಾರ್. ನೆಲದ ಏರಿಳಿತ ನೋಡಿ ಇಟ್ಟಿದ್ದಾರೆ," ಎಂದಳು.

"ಕಲ್ಲನ್ನ ಕಡಲ ಕಡೆ ನೂಕಿದ್ರೆ ಯಾರೋ ತಮ್ಮನೆ ಉಳಿಸ್ಕೊಂಡ್ರು ಅನ್ನಬಹುದಿತ್ತು," ಕ್ಯಾಲೆಂಡರ್ ತಲೆ ಕೆರೆದುಕೊಂಡರು. "ಮುಳುಗೋರ ಪಟ್ಟಿಗೆ ಜನರನ್ನ ಸೇರಿಸಿ ಯಾರಿಗೇನು ಸಿಗುತ್ತೆ?"

ಐದೂ ಮನೆಯವರನ್ನು ಕೇಳಿದ್ದಾಯಿತು. ಐದೂ ಕಡೆ ಸಿಕ್ಕಿದ್ದು ಬೈಗುಳ.

11.40ಕ್ಕೆ ಪಂಚರ ಮುಂದೆ 16ನೇ ಕಲ್ಲನ್ನು ಎಬ್ಬಿಸಿದರು. ಗುಂಡಿಯ ತಳದಲ್ಲಿ ಎರಡು ಹಿಡಿ ಇದ್ದಿಲು. 14 ಮತ್ತು 15ರ ಕೆಳಗೂ ಅದೇ. ಕ್ಯಾಲೆಂಡರ್ ಕಣ್ಣು ದರ್ಜಿಯ ಕಿಟಕಿಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯ ಮೇಲೆ ಹೋಯಿತು.

"ಇದು ನಿಮ್ಮನೇದಾ ಅಮ್ಮ?"

"ದುಡ್ಡು ಕೊಟ್ಟು ತಂದ ಇದ್ದಿಲನ್ನ ಮಣ್ಣಲ್ಲಿ ಹೂತಿಡೋಕೆ ನನಗೇನು ಹುಚ್ಚಾ? ನಿಮ್ಮ ಅಂಗಿ ಸುಕ್ಕು ನೋಡಿದ್ರೆ, ನಿಮ್ಮನೇದಂತೂ ಅಲ್ಲ ಬಿಡಿ."

ಪಂಚರು ನಕ್ಕರು. ಎಂಜಿನಿಯರ್ ಮಾತ್ರ ಬಗ್ಗಿ ನೋಡುತ್ತಲೇ ಇದ್ದಳು.

"ನಾವು ಇದ್ದಿಲು ಹಾಕೋದಿಲ್ಲ ಸಾರ್. ಹಿಂದಿನವರು ಹಾಕ್ತಿದ್ರಂತೆ. ಇದ್ದಿಲು ಮಣ್ಣಲ್ಲಿ ಕೊಳೆಯೋದಿಲ್ಲ. ಕಲ್ಲು ಕಳೆದುಹೋದ್ರೂ ಅಗೆದು ನೋಡಿದ್ರೆ ಜಾಗ ಗೊತ್ತಾಗ್ಲಿ ಅಂತ."

"ಅಂದ್ರೆ ಕದ್ದುಮುಚ್ಚಿ ಮಾಡೋ ಕೆಲಸದಲ್ಲೂ ಇಲಾಖೆ ಕಲಿಸಿದ್ದನ್ನ ಬಿಡದ ಆಸಾಮಿ," ಎಂದರು ಇನ್‌ಸ್ಪೆಕ್ಟರ್. ಇದ್ದಿಲನ್ನು ಪೊಟ್ಟಣ ಕಟ್ಟಿ ಮೊಹರು ಹಾಕಿದರು.

1.15ಕ್ಕೆ ಅಂಚೆಯವನು ಸಿಕ್ಕಿದ. ಸಭೆಗೆ ಹೋಗದೆ ಬೀದಿಯಲ್ಲಿ ಓಡಾಡಿದವನು ಅವನೊಬ್ಬನೇ.

"ಖಾಕಿ ಅಂಗಿಯ ಅಜ್ಜ ಒಬ್ಬರಿದ್ರು ಸಾರ್. ತಳ್ಳುಗಾಡಿ, ಹಾರೆ, ಮಟ್ಟ ನೋಡೋಕೆ ನೀರು ತುಂಬಿದ ಪ್ಲಾಸ್ಟಿಕ್ ಪೈಪು. ಕಚೇರಿಯವರೇ ಅಂದ್ಕೊಂಡೆ. 'ಇನ್ನೂ ತಡ ಆಗುತ್ತಾ ಅಜ್ಜ?' ಅಂದೆ. 'ಈಗಾಗ್ಲೇ ಮೂವತ್ತೊಂದು ವರ್ಷ ತಡ ಆಗಿದೆ' ಅಂದ್ರು. ತಮಾಷೆ ಮಾಡ್ತಾರೆ ಅಂತ ನಕ್ಕು ಬಂದೆ."

ಎರಡೂವರೆಗೆ ಯೋಜನಾ ಕಚೇರಿಯಲ್ಲಿ ಎಂಜಿನಿಯರ್ ಒಂದು ಕಡತ ತಂದಿಟ್ಟಳು. ಒಳಗೆ ಒಂದೇ ಕೈಬರಹದ ಮೂರು ಅರ್ಜಿ. ಬರೆದವರು ನಿವೃತ್ತ ಬಾಂದು ಜವಾನ, ಭೂಮಾಪಕರ ಜೊತೆ ಗುಂಡಿ ತೋಡಿ ಕಲ್ಲು ನೆಡುತ್ತಿದ್ದವರು. 'ದೋಣಿ ನಿಲ್ಲುವ ಹಳೇ ಜೆಟ್ಟಿಯ ಮಟ್ಟದ ಕಲ್ಲು ಕುಸಿದಿದೆ. ದಯವಿಟ್ಟು ಒಮ್ಮೆ ನೋಡಿ.' ಮೂರಕ್ಕೂ ಒಂದೇ ಉತ್ತರ: 'ದಾಖಲೆಯ ಪ್ರಕಾರ ಸದರಿ ಕಲ್ಲು ಬಂಡೆಯ ಮೇಲೆ ಸ್ಥಾಪಿತವಾಗಿದೆ. ಮರುಪರಿಶೀಲನೆಯ ಅಗತ್ಯವಿಲ್ಲ.'

"ಆ ಕಲ್ಲು ಯಾಕೆ ಅಷ್ಟು ಮುಖ್ಯ?"

"ಊರಿನ ಎತ್ತರವನ್ನೆಲ್ಲ ಅದರಿಂದಲೇ ಅಳೆಯೋದು ಸಾರ್. ಅದು ಕುಸಿದಿದ್ರೆ ನೆಲ ಇರೋದಕ್ಕಿಂತ ಎತ್ತರ ಅಂತ ಲೆಕ್ಕ ಬರುತ್ತೆ. ಆಗ ನಾವು ಇರಬಹುದು ಅಂದ ಮನೆಗೂ ನೀರು ಬರುತ್ತೆ." ಅವಳ ದನಿ ಸಣ್ಣದಾಯಿತು. "ಮೂರನೇ ಉತ್ತರಕ್ಕೆ ಸಹಿ ಹಾಕಿದ್ದು ನಾನೇ."

4.30. ಜವಾನರ ಮನೆ ಎರಡು ಕೋಣೆಯದು. ನರ್ಸ್ ಸಮವಸ್ತ್ರದಲ್ಲಿ ಕೆಲಸಕ್ಕೆ ಹೊರಟಿದ್ದ ಮಗಳು ಬಾಗಿಲು ತೆರೆದಳು. ಅವಳ ಹಿಂದೆ, ಹಗ್ಗದ ಮೇಲೆ ಒಗೆದು ಹರವಿದ ಖಾಕಿ ಅಂಗಿ. ತೋಳಿನ ಕಪ್ಪು ಕಲೆ ಪೂರ್ತಿ ಹೋಗಿರಲಿಲ್ಲ.

"ಬನ್ನಿ ಸಾರ್," ಒಳಗಿನಿಂದ ಮುದುಕನ ದನಿ. "ಬೆಳಗ್ಗೆಯಿಂದ ಕಾಯ್ತಿದ್ದೀನಿ."

"ಕಲ್ಲು ಸರಿಸಿದ್ದು ನೀವೇನಾ?"

"ನಾನೇ. ಪೈಪಲ್ಲಿ ಮಟ್ಟ ನೋಡಿ ಸರಿಸಿದೆ, ಕತ್ತಲಾಗೋಷ್ಟರಲ್ಲಿ ಮೂರೇ ಆಯ್ತು."

"ಆ ಐದು ಮನೆಯಲ್ಲಿ ನೆಂಟರಿದ್ದಾರಾ?"

"ಒಬ್ಬರೂ ಇಲ್ಲ. ಆ ದರ್ಜಿಯಮ್ಮ ಒಂದ್ಸಲ ಈ ಅಂಗಿಗೆ ಗುಂಡಿ ಹಾಕಿಕೊಟ್ಟಿದ್ಲು, ಅಷ್ಟೇ."

ಕ್ಯಾಲೆಂಡರ್ ಹೇಳಿಕೆಗೆ ಮನೆಯವರ ವಿವರ ಬರೆದುಕೊಳ್ಳುತ್ತಿದ್ದರು. ಮಗಳು ಹುಟ್ಟಿದ ತಾರೀಕು ಹೇಳಿದಳು: ನವೆಂಬರ್ ಮೂರು, ಮೂವತ್ತೊಂದು ವರ್ಷದ ಹಿಂದೆ. ಅವರ ಪೆನ್ನು ನಿಂತಿತು.

"ಸಾರ್, ಅದು ಜೆಟ್ಟಿಯ ಕಲ್ಲು ನೆಟ್ಟ ದಿನ. ಕಡತದಲ್ಲಿದೆ."

ಮುದುಕ ಮಗಳತ್ತ ನೋಡಲಿಲ್ಲ. "ಹೆರಿಗೆ ನೋವು ಶುರುವಾಗಿದೆ, ಬೇಗ ಬಾ ಅಂತ ಹೇಳಿ ಕಳಿಸಿದ್ರು. ನಾನು ಗುಂಡಿಯೊಳಗಿದ್ದೆ. ಇನ್ನೂ ಮೂರಡಿ ಅಗೆದಿದ್ರೆ ಬಂಡೆ ಸಿಗ್ತಿತ್ತು. ಮೇಲಿಂದ ಭೂಮಾಪಕರು ಕೇಳಿದ್ರು. 'ಬಂಡೆ ಸಿಕ್ತು ಸಾರ್' ಅಂದೆ. ಅವರು ಹಾಗೇ ಬರ್ಕೊಂಡ್ರು. ಕಲ್ಲು ಕೂರಿಸಿ ಆಸ್ಪತ್ರೆಗೆ ಓಡಿದೆ."

"ಕುಸಿದಿದ್ದು ಹೇಗೆ ಗೊತ್ತಾಯ್ತು?"

"ಪಕ್ಕದ ಗೋಡೆ ಬಂಡೆ ಮೇಲಿದೆ. ಕಲ್ಲಿನ ತಲೆ ಗೋಡೆಯ ಮೂರನೇ ಸಾಲಿಗೆ ಸಮ ಇತ್ತು. ಈಗ ಒಂದು ಗೇಣು ಕೆಳಗಿದೆ. ಅರ್ಜಿ ಹಾಕಿದೆ. ನನ್ನ ಸುಳ್ಳನ್ನೇ ಮೊಹರು ಹಾಕಿ ನನಗೆ ವಾಪಸ್ ಕಳಿಸಿದ್ರು ಸಾರ್, ಮೂರು ಸಲ."

"ಸುಳ್ಳು ಹೇಳಿದ್ದೆ ಅಂತ ಅರ್ಜಿಯಲ್ಲೇ ಬರೀಬಹುದಿತ್ತಲ್ಲ?"

ಮಗಳು ಚೀಲ ಕೆಳಗಿಟ್ಟು ಮುದುಕನ ಪಕ್ಕದಲ್ಲಿ ಕುಳಿತಳು. "ನನಗಾದ್ರೂ ಹೇಳಬಾರದಿತ್ತಾ ಅಪ್ಪಾ?"

"ನೀನು ಹುಟ್ಟಿದ ದಿನ ನನಗೆ ಅದೊಂದೇ ನೆನಪಾಗುತ್ತೆ ಅಂತ ಹೇಗೆ ಹೇಳ್ಲಿ ಮಗಳೇ?"

ಸಂಜೆ 5.50ಕ್ಕೆ ಬಂಧನ. ಕೈಕೋಳ ಬೇಡ ಎಂದರು ಇನ್‌ಸ್ಪೆಕ್ಟರ್. ಒದ್ದೆ ಖಾಕಿಯನ್ನು ಮಡಚಿ ಚೀಲಕ್ಕೆ ಹಾಕಿಕೊಟ್ಟವಳು ಮಗಳೇ. ಠಾಣೆಯವರೆಗೂ ಜೊತೆಗೆ ನಡೆದು ಬಂದಳು.

ಮರುದಿನ ಜಾಮೀನು ಸಿಕ್ಕಿತು. ಅದೇ ದಿನ ಎಂಜಿನಿಯರ್ ಜೆಟ್ಟಿಯ ಗೋಡೆಯಿಂದ ಅಳೆದು ವರದಿ ಕೊಟ್ಟಳು: ಮಟ್ಟದ ಕಲ್ಲು ಒಂದು ಗೇಣು ಕುಸಿದಿದೆ; ಹೊಸ ಗೆರೆ ಎಳೆಯಲು ಆರು ತಿಂಗಳು ಬೇಕು. ಇನ್‌ಸ್ಪೆಕ್ಟರ್ ಅದನ್ನು ದೋಷಾರೋಪಣಾ ಪಟ್ಟಿಗೆ ಲಗತ್ತಿಸಿದರು. ಉದ್ದೇಶದ ಕಾಲಂನಲ್ಲಿ ಬಹಳ ಹೊತ್ತು ಯೋಚಿಸಿ ಬರೆದರು: 'ಸ್ವಂತ ಲಾಭ ಕಂಡುಬಂದಿಲ್ಲ. ಹಿಂದೆ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಲು.'

ಮಾರ್ಚ್ 15, ಬೆಳಗ್ಗೆ 11. ಹೊಸ ಗೆರೆ ಬರುವವರೆಗೆ ಹಳೆಯ ಗೆರೆಯೇ ಕಾನೂನು. 16ನೇ ಕಲ್ಲು ದರ್ಜಿಯ ಮನೆ ಮುಂದಿನ ಮೊದಲಿನ ಗುಂಡಿಗೆ ಮರಳಿತು.

"ನೀವು ಕೇಳಿದ ಹಾಗೇ ಆಯ್ತಮ್ಮ," ಎಂದರು ಇನ್‌ಸ್ಪೆಕ್ಟರ್. "ಮತ್ತೆ ಈಚೆಯವರಾದ್ರಿ."

"ಆ ಅಜ್ಜ ಇಟ್ಟಿದ್ದು ಸರಿಯಾದ ಜಾಗಾನಾ ಸಾರ್?"

"ಎಂಜಿನಿಯರ್ ಪ್ರಕಾರ, ಅರ್ಧ ಹೆಜ್ಜೆಯ ವ್ಯತ್ಯಾಸವೂ ಇಲ್ಲ."

ದರ್ಜಿ ಕಡಲನ್ನೊಮ್ಮೆ ನೋಡಿ ಹಿತ್ತಲಿಗೆ ನಡೆದಳು. ಅಲ್ಲಿ ಕಾನ್‌ಸ್ಟೆಬಲ್ ಒಬ್ಬ, ಅಜ್ಜ ಕಲ್ಲು ನೆಟ್ಟಿದ್ದ ಖಾಲಿ ಗುಂಡಿಗೆ ಮಣ್ಣೆಳೆಯಲು ಗುದ್ದಲಿ ಎತ್ತಿದ್ದ. ಅವಳು ಕೈ ಅಡ್ಡ ಹಿಡಿದು ಒಳಗೆ ಹೋದಳು. ಇಸ್ತ್ರಿ ಪೆಟ್ಟಿಗೆ ತಂದು, ಮುಚ್ಚಳ ತೆಗೆದು, ಆರಿದ ಇದ್ದಿಲನ್ನೆಲ್ಲ ಗುಂಡಿಯ ತಳಕ್ಕೆ ಸುರಿದಳು. ಅಂಗೈಯಿಂದ ಒತ್ತಿ ಸಮ ಮಾಡಿ, ಇನ್ನು ಮುಚ್ಚು ಎಂದು ತಲೆಯಾಡಿಸಿದಳು.