ಸೀಳಿನ ಗುಂಟ ಬಂದ ನೀರು

ಅಣವೀರ ಇನ್ನೇನು ತುಟಿಗೆ ಇಡಬೇಕು, ಅಷ್ಟರಲ್ಲಿ ಅಂಬುಜಾ ಅವನ ಕೈಯಿಂದ ತಂಬಿಗೆ ಕಸಿದುಕೊಂಡಳು.

ನೀರು ಕೊಟ್ಟವಳು ಅವಳ ಅಜ್ಜಿ ಸಾಬಮ್ಮ, ಎಲ್ಲರ ಬಾಯಲ್ಲಿ ಆಯಿ. ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡದೆ ಮಾತಾಡಿಸುವ ಮನೆಯಲ್ಲ ಅದು. ಆದರೆ ಮುದುಕಿಗೆ ಮೂಗು ಮಂದ. ಅಂಗಳಕ್ಕೆ ಹೊಡೆಯಲು ಇಟ್ಟ ಬಾವಿ ನೀರಿನ ಕೊಡಕ್ಕೇ ತಂಬಿಗೆ ಅದ್ದಿದ್ದಳು.

"ಯಾಕ್ರಿ?" ಎಂದ ಅಣವೀರ.

ಅಂಬುಜಾ ತಂಬಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಓಡಿ ಹೋಗಿ ಒಳ್ಳೆಯ ನೀರು ತಂದಳು. ಅಷ್ಟರಲ್ಲಿ ಅವನು ರಸ್ತೆ ದಾಟಿ ಪೆಟ್ರೋಲ್ ಬಂಕಿನ ಹತ್ತಿರ ನಿಂತಿದ್ದ, ಬೆನ್ನು ಮಾಡಿ.

ಹೋದ ಮಳೆಗಾಲದಿಂದ ಭಂಕೂರಿನ ಆ ಬಾವಿ ಪೆಟ್ರೋಲ್ ನಾರುತ್ತಿತ್ತು. ಬಂಕಿನ ನೆಲದಡಿಯ ಟ್ಯಾಂಕು ಸೋರುತ್ತಿದೆಯೇ ಎಂದು ನೋಡಲು ಬಂದವನು ಅಣವೀರ, ಸುಲೇಪೇಟದ ಹುಡುಗ, ಮಣ್ಣು ನೀರು ಪರೀಕ್ಷಿಸುವ ಕಂಪನಿಯವನು. ಬಂಕಿನವರು ಮಾತ್ರ, ಮುದುಕಿಯ ಪಂಪಿನ ಡೀಸೆಲ್ಲೇ ಬಾವಿಗೆ ಬಿದ್ದಿದೆ ಎನ್ನುತ್ತಿದ್ದರು.

ಮೂರು ದಿನ ಅಂಬುಜಾ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತ ನೋಡಿದಳು. ಅವನ ಮಷೀನು ನೆಲಕ್ಕೆ ತೂತು ಕೊರೆಯುತ್ತಿತ್ತು. ಅವನು ಮಣ್ಣನ್ನು ಸಣ್ಣ ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಪ್ರತಿ ಬಾಟಲಿ ಇಟ್ಟ ಮೇಲೆ ಒಮ್ಮೆ ಈ ಕಡೆ ನೋಡುತ್ತಿದ್ದ. ಅವಳ ಕಣ್ಣು ಸಿಕ್ಕಿದೊಡನೆ ಕೈಯಲ್ಲಿದ್ದ, ಪೆಟ್ರೋಲ್ ವಾಸನೆ ಹಿಡಿಯುವ ಮೀಟರನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಅದರಲ್ಲಿ ಅಷ್ಟು ನೋಡುವಂಥದ್ದು ಏನಿತ್ತೋ.

ಮೂರನೆಯ ಸಂಜೆ ಕಟ್ಟೆಗೆ ಬಂದು ಕೂತ.

"ಆಯಿ, ಇಳಿಜಾರಿನ ಕಡಿ ಆರು ತೂತು ಹಾಕೀವಿ. ಎಲ್ಲಾ ಕಡಿ ಮಣ್ಣು ಚೊಕ್ಕ ಅದ. ನಿಮ್ಮ ಬಾವಿ ಏರಿನ ಮ್ಯಾಲ ಅದ, ಅಲ್ಲಿಗಿ ಪೆಟ್ರೋಲ್ ಹತ್ತಲ್ಲ. ನಾಳಿ ಹಂಗೇ ಬರದು ಕೊಟ್ಟು ಹೋಗ್ತೀನಿ."

"ಅಂದ್ರ ನಾನೇ ಸುಳ್ಳಿ ಆದೆ ಅನ್ನಪ್ಪ," ಎಂದಳು ಸಾಬಮ್ಮ.

ಬರೆದು ಕೊಟ್ಟರೆ ಮುಗಿಯಿತು. ಬಾವಿ ಹೋಗುತ್ತದೆ, ಆಯಿಯ ಮಾತೂ ಹೋಗುತ್ತದೆ. ಇವನೂ ಹೋಗುತ್ತಾನೆ. ಅಂಬುಜಾ ಮೊರ ಕೆಳಗಿಟ್ಟಳು.

"ಇಲ್ಲಿ ನೀರು ಇಳಿಜಾರಿಗಿ ಹೋಗಲ್ರಿ."

ಅಣವೀರ ತಿರುಗಿದ. ಅವಳ ದನಿಯನ್ನು ಅವನು ಕೇಳಿದ್ದು ಅದೇ ಮೊದಲು.

"ಮತ್ತ?"

"ಕಲ್ಲಿನ ಸೀಳಿನ ಗುಂಟ ಹೋಗ್ತದ. ಮ್ಯಾಲ ನೆಲ ಆ ಕಡಿ ಇಳಿದ್ರೂ, ಒಳಗ ಕಲ್ಲು ಈ ಕಡಿ ಇಳಿದದ."

ಅವನನ್ನು ಬಾವಿಯ ಹತ್ತಿರ ಕರೆದೊಯ್ದಳು. ಬಾವಿಯ ಒಳಗೋಡೆಯಲ್ಲಿ ಒಂದರ ಮೇಲೊಂದು ಹಾಸಿದಂತೆ ಫರ್ಸಿ, ಅಂದರೆ ಚಪ್ಪಡಿ ಕಲ್ಲಿನ ಪದರು. ಮೂರನೆಯ ಪದರಿನಲ್ಲಿ ಕೈಬೆರಳು ತೂರುವಷ್ಟು ಸೀಳು, ಅದರ ಬಾಯಲ್ಲಿ ಬಣ್ಣಬಣ್ಣದ ಜಿಡ್ಡು.

"ಮೊದಲು ಇಲ್ಲೇ ಕಂಡಿತ್ರಿ. ಅಪ್ಪನ ಕಲ್ಲಿನ ಖಣಿಯಾಗೂ ಹಿಂಗೇ. ಮಳಿ ಬಂದ್ರ ನೀರು ಮ್ಯಾಲಿಂದ ಬರಲ್ಲ, ಸೀಳಿನಾಗಿಂದ ಬರ್ತದ. ಈ ಸೀಳು ಸೀದಾ ಬಂಕಿನ ಹಿಂದಿನ ಬೇವಿನ ಗಿಡಕ್ಕ ಹೋಗ್ತದ. ಗಿಡದ ಆ ಕಡಿ ಹಳೀ ಖಣಿಯಾಗ ಇದರ ಇನ್ನೊಂದು ತುದಿ ಅದ."

ಅವನು ಮೊಣಕಾಲೂರಿ ಬಗ್ಗಿ ನೋಡಿದ. ಎದ್ದು ಬೇವಿನ ಗಿಡದ ಕಡೆ ಕಣ್ಣು ಹಾಯಿಸಿದ.

"ಶಾಲಿ ಎಲ್ಲಿ ತನಕ?"

"ಏಳನೇ ಕ್ಲಾಸ್. ಆಮ್ಯಾಲ ಅಪ್ಪನ ಜೋಡಿ ಖಣಿ."

"ನಾ ಎಂ.ಎಸ್ಸಿ. ಮಾಡೀನಿ. ಈ ಪಾಠ ನನಗೂ ಇತ್ತು." ನಕ್ಕ. "ಇಳಿಜಾರು ಕಂಡು ಮರತುಬಿಟ್ಟೆ. ಅದಿರಲಿ, ಅವತ್ತು ತಂಬಿಗಿ ಯಾಕ ಕಸಗೊಂಡ್ರಿ?"

"ಅದು ಈ ಬಾವಿ ನೀರಿತ್ರಿ."

"ಅಯ್ಯ. ನಾನು ಯಾವ ಜಾತಿಯವನೋ ಅಂತ ಹೇಸಿ ಕಸಗೊಂಡ್ರಿ ಅಂತ ಮೂರು ದಿನ ಸಿಟ್ಟಿನಾಗ ಬರೇ ಹೋಟೆಲ್ ಚಾ ಕುಡದೀನಿ."

ಅಂಬುಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಮಾತ್ರ ಕಣ್ಣಲ್ಲಿ ಉಳಿಯಿತು. ಅವನು ಅದನ್ನು ನೋಡಿದ. ಈ ಸಲ ಮೀಟರಿನ ಕಡೆ ತಿರುಗಲಿಲ್ಲ.

ಮರುದಿನ ಏಳನೆಯ ತೂತು ಬೇವಿನ ಗಿಡದ ಹತ್ತಿರ ಬಿತ್ತು. ಹನ್ನೊಂದು ಅಡಿಗೆ ಮೀಟರು ಕೂಗುವ ಮೊದಲೇ ಎಲ್ಲರ ಮೂಗಿಗೂ ಪೆಟ್ರೋಲ್ ಹೊಡೆಯಿತು. ಸಾಬಮ್ಮನೊಬ್ಬಳೇ, "ಬಂತೇನು? ಖರೇನೇ ಬಂತೇನು?" ಎಂದು ಕೇಳುತ್ತಿದ್ದಳು. ಅಂಬುಜಾಳ ಕಣ್ಣು ತುಂಬಿ ಬಂತು. ತಾನು ಹೇಳಿದ್ದು ನಿಜವಾಗಿತ್ತು, ಆದರೆ ಆ ಸೀಳೇ ಬಾವಿಯನ್ನು ಕೊಂದಿತ್ತು.

ಆ ವಾರವೇ ಬಂಕಿನ ಟ್ಯಾಂಕು ಬರಿದು ಮಾಡಿ ಎತ್ತಿದರು. ಅಡಿಯಲ್ಲಿ ತುಕ್ಕು ತಿಂದ ತೂತು. ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿ ಕೀಲಿ ಜಡಿದರು. ಮನೆಗೆ ಟ್ಯಾಂಕರ್ ನೀರು ಬರತೊಡಗಿತು.

ಹೊರಡುವ ದಿನ ಅಣವೀರ ಬಾಗಿಲಿಗೆ ಬಂದ.

"ಬಾವಿ ಎಂದಿಗಿ ಚೊಕ್ಕಾಗ್ತದ್ರಿ?" ಅಂಬುಜಾ ಕೇಳಿದಳು.

"ಐದಾರು ವರ್ಷ ಹಿಡೀತದ. ಮೂರು ತಿಂಗಳಿಗೊಮ್ಮೆ ನೀರು ನೋಡ್ಲಿಕ್ಕ ನಾನೇ ಬರ್ತೀನಿ."

ಅಂಬುಜಾ ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ಮೂರು ತಿಂಗಳು ಭಾಳ ಆಗ್ತದ."

"ಹಂಗೇ ಅದರಿ. ಬಾವಿ ಲಗೂ ಚೊಕ್ಕಾಗಲ್ಲ."

"ಬಾವೀದು ಕೇಳಿಲ್ರಿ ನಾ."

ಅಣವೀರ ಹೆಗಲ ಚೀಲ ಇಳಿಸಿ ಕಟ್ಟೆಯ ಮೇಲೆ ಕೂತ. ಬಸ್ಸು ಹಾರ್ನ್ ಹೊಡೆದು ಹೋಯಿತು. ಅವನು ಆ ಕಡೆ ತಿರುಗಲೂ ಇಲ್ಲ.

"ಬರೋ ರವಿವಾರ ಅವ್ವನ್ನ ಕರ್ಕೊಂಡು ಬರ್ತೀನಿ. ಬಾಟಲಿ ತರಲ್ಲ," ಎಂದ. "ಈಗ ಜರಾ ನೀರು ಕೊಡ್ರಿ."

ಅವಳು ಒಳಗೆ ಹೋಗಿ ತಂಬಿಗೆಯನ್ನು ಎರಡು ಸಲ ತೊಳೆದಳು. ಟ್ಯಾಂಕರ್ ನೀರು ತುಂಬಿ, ಒಮ್ಮೆ ಮೂಸಿ ನೋಡಿ, ಬೆಲ್ಲದ ಉಂಡೆಯೊಂದಿಗೆ ಅವನ ಕೈಗಿಟ್ಟಳು. ಅವನು ಕೊನೆಯ ಹನಿಯವರೆಗೆ ಕುಡಿಯುವುದನ್ನು ಅಲ್ಲೇ ನಿಂತು ನೋಡಿದಳು.